ಎಣ್ಣೆ ಹುಡುಕಿದ ದಾರಿ, ನೀರು ಬಲ್ಲ ದಾರಿ

ಆಸ್ಟ್ರೇಲಿಯದ ಭೂಪಟವೊಂದನ್ನು ಮೇಜಿನ ಮೇಲೆ ಹರಡಿಕೊಳ್ಳಿರಿ. ದಕ್ಷಿಣ ಆಸ್ಟ್ರೇಲಿಯ, ಕ್ವೀನ್ಸ್‌ಲೆಂಡ್, ಉತ್ತರ ಪ್ರಾಂತ ಎಂಬ ಮೂರು ಸೀಮೆಗಳು ಕೂಡುವ ಎಡೆಯಲ್ಲಿ ಸಿಂಪ್ಸನ್ ಮರುಭೂಮಿ ಎಂಬ ಹೆಸರು ನಿಮ್ಮ ಕಣ್ಣಿಗೆ ಬೀಳುತ್ತದೆ. ಅಲ್ಲಿ ಸಾವಿರದ ನೂರಕ್ಕೂ ಮಿಕ್ಕು ಕೆಂಪು ಮರಳಿನ ದಿಣ್ಣೆಗಳು, ಉತ್ತ ಹೊಲದ ಸಾಲುಗಳಂತೆ, ವಾಯವ್ಯದಿಂದ ಆಗ್ನೇಯಕ್ಕೆ ಸಾಗಿವೆ. ಸಾಲಿನ ಉದ್ದಕ್ಕೆ ನಡೆಯುವವನಿಗೆ ಅಷ್ಟೇನೂ ತೊಡಕಿಲ್ಲ. ಅಡ್ಡ ದಾಟುವವನ ಪಾಡು ಬೇರೆ. ಒಂದನ್ನು ಹತ್ತಿ ಇಳಿದರೆ ಇನ್ನೊಂದು ಎದುರಿಗೆ ನಿಂತಿರುತ್ತದೆ. ಆದರೂ ದೊಡ್ಡ ಭೂಪಟಗಳಲ್ಲಿ ಈ ದಿಣ್ಣೆಗಳನ್ನು ಅಡ್ಡಕ್ಕೆ ಸೀಳಿಕೊಂಡು ಹೋದ ನೇರ ಗೆರೆಗಳುಂಟು. ಫ್ರೆಂಚ್ ಲೈನ್, ರಿಗ್ ರೋಡ್, ಕ್ಯೂಎಎ ಲೈನ್ ಎಂದು ಅವುಗಳ ಹೆಸರು. ಊರಿಲ್ಲದ ನಾಡಿನಲ್ಲಿ ಈ ದಾರಿಗಳನ್ನು ಎಳೆದವರು ಯಾರು?

ಐರೋಪ್ಯರಲ್ಲಿ ಮೊದಲು ಈ ಮರಳಿಗೆ ಮುಖ ಕೊಟ್ಟವನು ಚಾರ್ಲ್ಸ್ ಸ್ಟರ್ಟ್. 1845ರಲ್ಲಿ ಪೂರ್ವದ ಅಂಚಿನವರೆಗೆ ಬಂದು ಅವನು ಹಿಂದಿರುಗಿದನು. 1929ರಲ್ಲಿ ಸೆಸಿಲ್ ಮ್ಯಾಡಿಗನ್ ಎಂಬ ಭೂವಿಜ್ಞಾನಿ ವಿಮಾನದಿಂದ ಇದನ್ನು ಸಮೀಕ್ಷಿಸಿ, ಭೌಗೋಳಿಕ ಸಂಘದ ಅಧ್ಯಕ್ಷರಾಗಿದ್ದ ಸಿಂಪ್ಸನ್ನರ ಹೆಸರಿಟ್ಟನು. 1936ರಲ್ಲಿ ಟೆಡ್ ಕೋಲ್ಸನ್ ಎಂಬ ದನಗಾಹಿ ಹಿಡುವಳಿದಾರನು ಪೀಟರ್ ಏನ್ಸ್ ಎಂಬ ಮೂಲನಿವಾಸಿಯನ್ನು ಜೊತೆಗೆ ಕರೆದುಕೊಂಡು, ಐದು ಒಂಟೆಗಳೊಡನೆ ಪಶ್ಚಿಮದಿಂದ ಪೂರ್ವಕ್ಕೆ ದಾಟಿ ಬರ್ಡ್ಸ್‌ವಿಲ್ ಊರನ್ನು ಮುಟ್ಟಿದನು. ಬಂದಂತೆಯೇ ಮರಳಿದನು ಕೂಡ. ಒಂಟೆಯೇನೂ ಆ ನೆಲದ ಪ್ರಾಣಿಯಲ್ಲ; ಹತ್ತೊಂಬತ್ತನೆಯ ಶತಮಾನದಲ್ಲಿ ಕರಾಚಿ ಬಂದರಿನಿಂದ ಒಂಟೆಗಳನ್ನು ಹಡಗೇರಿಸಿ ಅಲ್ಲಿಗೆ ಒಯ್ದಿದ್ದರು. 1939ರಲ್ಲಿ ಮ್ಯಾಡಿಗನ್ನನೂ ಒಂಟೆಗಳೊಡನೆ ಮರುಭೂಮಿಯನ್ನು ದಾಟಿದನು. ರೇಡಿಯೋ ಇಟ್ಟುಕೊಂಡಿರುವ ತಾವು ಕೇಳಿ ಸಂತೋಷಪಡಬಹುದಾದ ಸಂಗತಿಯೆಂದರೆ, ಆ ತಂಡದ ಸಾಮಾನಿನಲ್ಲಿ ನಿಸ್ತಂತು ಯಂತ್ರವೂ ಇದ್ದಿತು.

ಮೋಟಾರು ಗಾಡಿ ಬರುವುದಕ್ಕೆ ಎಣ್ಣೆಯ ಆಸೆ ಬೇಕಾಯಿತು. 1962ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ತನ್ನ ಮಡದಿ ಗ್ರಿಸೆಲ್ಡಾ ಮತ್ತು ಇಬ್ಬರು ಮಕ್ಕಳನ್ನು ನಿಸ್ಸಾನ್ ಪ್ಯಾಟ್ರೋಲ್ ಗಾಡಿಯಲ್ಲಿ ಕೂರಿಸಿಕೊಂಡು ದಿಣ್ಣೆಗಳನ್ನು ದಾಟಿದನು. ಮೋಟಾರಿನಲ್ಲಿ ಈ ಮರುಭೂಮಿಯನ್ನು ದಾಟಿದವರಲ್ಲಿ ಇವರೇ ಮೊದಲಿಗರು. ಅದರ ಬೆನ್ನಿಗೇ, 1963ರ ಸುಮಾರಿಗೆ, ಫ್ರೆಂಚ್ ಪೆಟ್ರೋಲಿಯಂ ಕಂಪೆನಿಯವರು ಬುಲ್ಡೋಜರುಗಳೊಡನೆ ಬಂದರು.

ದಾರಿ ಅಷ್ಟು ನೇರವೇಕೆ ಎಂದು ಕೇಳುವಿರಾ? ಅದು ಊರಿಗೆ ಹೋಗುವ ದಾರಿಯಲ್ಲ, ಅಳತೆಯ ಗೆರೆ. ಗೆರೆಯ ಉದ್ದಕ್ಕೂ ತೂತು ಕೊರೆದು ಸಿಡಿಮದ್ದು ತುಂಬಿ ಸಿಡಿಸುತ್ತಾರೆ. ಆ ಕಂಪನ ನೆಲದಾಳಕ್ಕಿಳಿದು, ಬಂಡೆಯ ಪದರಗಳಿಗೆ ತಾಗಿ, ಪ್ರತಿಧ್ವನಿಯಂತೆ ಮೇಲಕ್ಕೆ ಬರುತ್ತದೆ. ಸಾಲಾಗಿ ನೆಟ್ಟ ಸೂಕ್ಷ್ಮ ಯಂತ್ರಗಳು ಅದನ್ನು ಆಲಿಸುತ್ತವೆ. ಮರಳಿ ಬಂದ ಹೊತ್ತನ್ನು ಲೆಕ್ಕ ಹಾಕಿದರೆ, ಎಣ್ಣೆ ನಿಲ್ಲಬಹುದಾದ ಗುಮ್ಮಟದಂಥ ಪದರ ಎಲ್ಲಿದೆಯೆಂದು ಊಹಿಸಬಹುದು. ರಿಗ್ ರೋಡಿನ ಬಗೆ ಬೇರೆ. ಭಾರವಾದ ಕೊರೆಯುವ ಯಂತ್ರಗಳು ಹೂತುಹೋಗಬಾರದೆಂದು ಅಲ್ಲಿ ದಿಣ್ಣೆಗಳ ಮೇಲೆ ಜೇಡಿಮಣ್ಣನ್ನು ಹಾಸಿದರು; ಅಷ್ಟು ನೇರವೂ ಅಲ್ಲ ಅದು. 'ಮಾರ್ಗ' ಶಬ್ದಕ್ಕೆ ಮೂಲವೆನ್ನುವ 'ಮೃಗ' ಧಾತುವಿಗೆ ಹುಡುಕು ಎಂದೇ ಅರ್ಥ ಹೇಳುತ್ತಾರೆ. ಆ ಅರ್ಥಕ್ಕೆ ಇವುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಹುಡುಕಿದ್ದು ಸಿಕ್ಕಿತೆ? ಇಲ್ಲ. ಪರ್ನಿ ಎಂಬಲ್ಲಿ 1963ರಲ್ಲಿ ಕೊರೆದ ಬಾವಿಯಲ್ಲಿ ಎಣ್ಣೆಯ ಬದಲು ಬಿಸಿನೀರು ಉಕ್ಕಿತು. ಅದು ನೆಲದಡಿಯಲ್ಲಿ ಬಹುದೂರ ಹಬ್ಬಿರುವ ಮಹಾ ಆರ್ಟೀಸಿಯನ್ ಜಲಾಶಯದ ನೀರು. ಕಂಪೆನಿಯವರು ಹೊರಟುಹೋದರು, ನೀರು ಹರಿಯುತ್ತಲೇ ಇದ್ದಿತು. ಜೊಂಡು ಬೆಳೆಯಿತು, ಹಕ್ಕಿಗಳು ಬಂದವು. ಅನಂತರ ಆ ಹರಿವನ್ನು ತಗ್ಗಿಸಿದ್ದಾರೆ. ಇಂಧನ ಸಿಕ್ಕಿದ್ದು ಆಗ್ನೇಯ ದಿಕ್ಕಿನ ಬೇರೆ ನೆಲದಲ್ಲಿ: 1963ರ ಕೊನೆಯಲ್ಲಿ ಗಿಡ್ಜಿಯಾಲ್ಪದಲ್ಲಿ, 1966ರಲ್ಲಿ ಮೂಂಬಾದಲ್ಲಿ ಅನಿಲ ದೊರೆಯಿತು. ಸಿಂಪ್ಸನ್ನಿನ ಗೆರೆಗಳು ಈಗ ವಿಹಾರಾರ್ಥಿಗಳ ಪಾಲು. ಸುಡುಬೇಸಗೆಯಲ್ಲಿ, ಡಿಸೆಂಬರಿನಿಂದ ಮಾರ್ಚಿಯ ನಡುವಿನವರೆಗೆ, ದಕ್ಷಿಣ ಆಸ್ಟ್ರೇಲಿಯದವರು ತಮ್ಮ ಭಾಗವನ್ನು ಮುಚ್ಚಿಬಿಡುತ್ತಾರೆ. 2021ರಲ್ಲಿ ಆ ಭಾಗವು 36 ಲಕ್ಷ ಹೆಕ್ಟೇರಿನ ರಾಷ್ಟ್ರೀಯ ಉದ್ಯಾನವಾಯಿತು. 'ಮುಂಗ-ತಿರಿ' ಎಂಬ ಮೂಲನಿವಾಸಿಗಳ ಮಾತು ಅದರ ಹೆಸರಿನಲ್ಲಿ ಮೊದಲು ನಿಂತಿದೆ.

ಇಷ್ಟು ಹೊತ್ತು ನಾನು 'ಮೊದಲು ದಾಟಿದವನು' ಎಂದೆಲ್ಲ ಬರೆದುದನ್ನು ತಾವು ಸ್ವಲ್ಪ ಬಿಗಿಹಿಡಿದು ಓದಬೇಕು. ಆ ಮರಳಿನ ನಡುವೆ ವಾಂಗ್‌ಕಂಗುರು ಜನ ಸಂಸಾರ ಹೂಡಿದ್ದರು. ದಿಣ್ಣೆಗಳ ನಡುವಿನ ತಗ್ಗಿನಲ್ಲಿ ಕೈಯಿಂದಲೇ ತೋಡಿದ, ಒಬ್ಬನು ಕಷ್ಟದಿಂದ ನುಸುಳಿ ಇಳಿಯಬಹುದಾದ ಬಾವಿಗಳು ಅವರವು. ಅವಕ್ಕೆ 'ಮಿಕಿರಿ' ಎನ್ನುತ್ತಾರೆ. ಒಂದು ಮಿಕಿರಿಯಿಂದ ಇನ್ನೊಂದಕ್ಕೆ ಹೋಗುವುದೇ ಅವರ ದಾರಿ. ಅದು ನೇರವಾಗಿರಬೇಕೆಂದು ಯಾರೂ ಕೇಳಲಿಲ್ಲ. 1886ರಲ್ಲಿ ಡೇವಿಡ್ ಲಿಂಡ್ಸೆ ಎಂಬ ಮೋಜಣಿದಾರನು ಆ ಜನರವನೊಬ್ಬನ ಬೆನ್ನು ಹಿಡಿದು ಒಂಬತ್ತು ಬಾವಿಗಳನ್ನು ಕಂಡು ಗುರುತು ಹಾಕಿಕೊಂಡನು. ಸುಮಾರು 1900ರ ವೇಳೆಗೆ ಕಡೆಯ ಸಂಸಾರಗಳೂ ಮರಳನ್ನು ಬಿಟ್ಟು ಅಂಚಿನ ದನದ ಹಿಡುವಳಿಗಳ ಕಡೆಗೆ ಬಂದವು. ಬಾವಿಗಳಲ್ಲಿ ಮರಳು ತುಂಬಿತು. ಆರು ದಶಕಗಳ ಮೇಲೆ ಬುಲ್ಡೋಜರು ಬಂದಾಗ ಅದು ಯಾರ ಬಾವಿಯನ್ನೂ ವಿಚಾರಿಸಲಿಲ್ಲ.

ಹಾಗೆ ಹೊರಬಂದವರಲ್ಲಿ ಇರಿಂಜಿಲಿ ಎಂಬ ಹುಡುಗನೊಬ್ಬನಿದ್ದನು. ಮಿಕ್ ಮೆಕ್ಲೀನ್ ಎಂಬುದು ಅವನ ಇಂಗ್ಲಿಷ್ ಹೆಸರು. ಮುಪ್ಪಿನಲ್ಲಿ ಅವನು ಲೂಯಿಸ್ ಹರ್ಕಸ್ ಎಂಬ ಭಾಷಾವಿದುಷಿಯ ಮುಂದೆ ಕುಳಿತು ತನ್ನ ನಾಡಿನ ಹೆಸರುಗಳನ್ನೂ ಕಥೆಗಳನ್ನೂ ಹಾಡುಗಳನ್ನೂ ಧ್ವನಿಮುದ್ರಿಸಲು ಕೊಟ್ಟನು. 1977ರಲ್ಲಿ ಅವನು ತೀರಿಕೊಂಡನು. 1980ರ ದಶಕದಲ್ಲಿ ಆಕೆ ಪುರಾತತ್ತ್ವಜ್ಞ ಪೀಟರ್ ಕ್ಲಾರ್ಕ್‌ರೊಡನೆ, ಲಿಂಡ್ಸೆಯ ಗುರುತುಗಳನ್ನೂ ಆ ವೃದ್ಧನ ಮಾತುಗಳನ್ನೂ ಇಟ್ಟುಕೊಂಡು ಮರಳಿಗಿಳಿದರು. ಒಂಬತ್ತು ಬಾವಿಗಳ ನೆಲೆಯೂ ಸಿಕ್ಕಿತು.