ಮಿತಾಕ್ಷರೆಯ ಸಭೆಗಳೂ ಇಂದಿನ ಮಧ್ಯಸ್ಥಿಕೆಯೂ

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಅದರ ವ್ಯವಹಾರಾಧ್ಯಾಯದಲ್ಲಿ ವ್ಯಾಜ್ಯಗಳನ್ನು ವಿಚಾರಿಸುವ ಸಭೆಗಳ ಕ್ರಮವೊಂದುಂಟು: ಬಂಧುಗಳ ಕುಲ, ಒಂದೇ ಕಸುಬಿನವರ ಶ್ರೇಣಿ, ಒಂದೇ ಊರಿನ ನಾನಾ ಜಾತಿಯವರ ಪೂಗ, ಇವಕ್ಕೆಲ್ಲ ಮೇಲಾಗಿ ಅರಸನು ನೇಮಿಸಿದ ಅಧಿಕಾರಿಗಳು. ಕುಲದ ನಿರ್ಣಯದಿಂದ ತೃಪ್ತನಾಗದವನು ಶ್ರೇಣಿಗೂ ಅಲ್ಲಿಂದ ಪೂಗಕ್ಕೂ ಹೋಗಬಹುದಿತ್ತು.

ಇಂದಿನ ಮಧ್ಯಸ್ಥಿಕೆಯು ಈ ಪರಂಪರೆಯ ಮುಂದುವರಿಕೆಯೆಂದು ಭಾಷಣಗಳಲ್ಲಿ ಕೇಳುತ್ತೇವೆ. ನನಗೆ ಈ ಮಾತು ಪೂರ್ಣವಾಗಿ ಸಮ್ಮತವಲ್ಲ. ಆ ಸಭೆಗಳು ತೀರ್ಪನ್ನೇ ಕೊಡುತ್ತಿದ್ದವು. ಅಲ್ಲಿಯೂ ಗೆದ್ದವನೊಬ್ಬ, ಸೋತವನೊಬ್ಬ. ಬಂಧುಗಳೆಲ್ಲ ಕುಳಿತ ಸಭೆಯಲ್ಲಿ ಗತಿಯಿಲ್ಲದ ವಿಧವೆಯೊಬ್ಬಳು ‘ಒಲ್ಲೆ’ ಎನ್ನುವುದು ಎಷ್ಟು ಸುಲಭವಾಗಿದ್ದೀತು?

ಸಿವಿಲ್ ಪ್ರಕ್ರಿಯಾ ಸಂಹಿತೆಯ ಹೊಸ 89ನೆಯ ಕಲಮು 2002ರಲ್ಲಿ ಜಾರಿಗೆ ಬಂದಿತು. 2007ರಲ್ಲಿ ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರವು ತೆರೆಯಿತು. ಇಲ್ಲಿ ನಿಜವಾಗಿ ಹೊಸತೆಂದರೆ, ಮಧ್ಯಸ್ಥನಿಗೆ ತೀರ್ಪಿನ ಅಧಿಕಾರವೇ ಇಲ್ಲದಿರುವುದು. ರಾಜಿಯನ್ನು ಪಕ್ಷಗಾರರ ಮೇಲೆ ಹೇರಕೂಡದೆಂದು 2023ರ ಮಧ್ಯಸ್ಥಿಕೆ ಅಧಿನಿಯಮವು ಸ್ಪಷ್ಟವಾಗಿ ಹೇಳುತ್ತದೆ. ನೆರೆಹೊರೆಯ ಕಲಹಗಳಿಗಾಗಿ ಅದರಲ್ಲಿ ಮೂವರು ಮಧ್ಯಸ್ಥರ ಸಮುದಾಯ ಮಧ್ಯಸ್ಥಿಕೆಗೂ ಎಡೆಯಿದೆ. ಕುಲ–ಪೂಗಗಳನ್ನು ನೆನಪಿಗೆ ತರುವ ಭಾಗವಿದು. ಆದರೆ ಅಲ್ಲಿ ಆದ ಒಪ್ಪಂದವನ್ನು ನ್ಯಾಯಾಲಯದ ಡಿಕ್ರಿಯಂತೆ ಜಾರಿ ಮಾಡಿಸಲು ಬಾರದು.