ಮಂಗನ ಕಾಯಿಲೆಯ ಲಸಿಕೆ ಮತ್ತು ನರ್ಸಮ್ಮನ ದಾಖಲೆ ಪುಸ್ತಕ

ಕೈಗಾ ಎಂದೊಡನೆ ನೆನಪಾಗುವುದು ಅಣು ವಿದ್ಯುತ್ ಸ್ಥಾವರ. ಆದರೆ ಕಾಳಿ ನದಿಯ ದಂಡೆಯ ಆ ಕಾಡು ಪಶ್ಚಿಮ ಘಟ್ಟದ ಉದ್ದನೆಯ ಸಾಲಿನ ಒಂದು ತುಣುಕು. ಕಾರವಾರ, ಅಂಕೋಲಾಗಳಿಂದ ದಕ್ಷಿಣಕ್ಕೆ ಸಾಗಿದರೆ ಸಿದ್ದಾಪುರ, ಹೊನ್ನಾವರ. ಘಟ್ಟದ ಆಚೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ. ಸೌದೆಗೆ, ದರಗಿಗೆ ಕಾಡು ಹೊಕ್ಕ ಬಡವರ ಬೆನ್ನು ಹತ್ತಿದ ಒಂದು ರೋಗ ಈ ಸಾಲಿನಲ್ಲಿದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜೊತೆಗೆ ಮನುಷ್ಯರಿಗೂ ತೀವ್ರ ಜ್ವರ ಬಂತು. ಉಣುಗಿನಿಂದ ಹರಡುವ ವೈರಸ್ ಇದಕ್ಕೆ ಕಾರಣವೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ರಷ್ಯಾದ ಮೆದುಳು ಜ್ವರಕ್ಕಾಗಿ ತಯಾರಿಸಿದ್ದ ಲಸಿಕೆಯನ್ನು ಮೊದಲು ಇಲ್ಲಿ ಪರೀಕ್ಷಿಸಲಾಯಿತು. ಅದು ಫಲ ಕೊಡಲಿಲ್ಲ. ಮುಂದೆ ನಮ್ಮಲ್ಲೇ ಲಸಿಕೆ ರೂಪುಗೊಂಡು, 1990ರಿಂದ 92ರ ವರೆಗೆ ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅದರ ಕ್ಷೇತ್ರ ಪರೀಕ್ಷೆ ನಡೆಯಿತು. ಒಂದು ಡೋಸಿನಿಂದ ಶೇ. 79ರಷ್ಟು, ಎರಡು ಡೋಸಿನಿಂದ ಶೇ. 94ರಷ್ಟು ರಕ್ಷಣೆ ಸಿಗುತ್ತದೆ ಎಂಬ ಲೆಕ್ಕ ಹೊರಬಿತ್ತು.

ಈ ಶೇಕಡಾವಾರು ಎಲ್ಲಿಂದ ಬಂತು? ಲಸಿಕೆ ಪಡೆದವರಲ್ಲಿ ಎಷ್ಟು ಮಂದಿಗೆ ರೋಗ ಬಂತು, ಪಡೆಯದವರಲ್ಲಿ ಎಷ್ಟು ಮಂದಿಗೆ ಬಂತು ಎಂಬ ಹೋಲಿಕೆಯಿಂದ. ಹಾಗಾದರೆ ಯಾರಿಗೆ ಯಾವ ದಿನ ಎಷ್ಟನೇ ಡೋಸು ಬಿತ್ತು ಎಂಬುದು ತಪ್ಪಿಲ್ಲದೆ ದಾಖಲಾಗಬೇಕು. ಎರಡನೇ ಡೋಸಿಗೆ ತಿಂಗಳು ಕಾಯಬೇಕಿತ್ತು. ಬಳಿಕ ಬೂಸ್ಟರ್ ಬೇರೆ. ಚುಚ್ಚಿದ ಜಾಗ ವಿಪರೀತ ನೋಯುತ್ತಿದ್ದುದರಿಂದ ಮೊದಲ ಡೋಸು ಪಡೆದವರು ಮತ್ತೆ ಬರಲು ಹಿಂಜರಿಯುತ್ತಿದ್ದರು. ಇಂಥವರ ಮನೆಯ ಅಂಗಳ ತುಳಿಯುವುದು ನಮ್ಮ ಹಳ್ಳಿಗಳಲ್ಲಿ 'ನರ್ಸಮ್ಮ' ಎಂದು ಕರೆಸಿಕೊಳ್ಳುವ ಆರೋಗ್ಯ ಸಹಾಯಕಿ. ಆಕೆಯ ಪುಸ್ತಕದಲ್ಲಿ ಒಂದು ಹೆಸರು ತಪ್ಪಿದರೆ ಪ್ರಯೋಗಾಲಯದ ದೊಡ್ಡ ಲೆಕ್ಕವೂ ತಪ್ಪುತ್ತದೆ.

ಇದಕ್ಕೆ ನೆರೆಯಲ್ಲೇ ಇನ್ನೊಂದು ನಿದರ್ಶನವಿದೆ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಆರೋಗ್ಯಧಾಮದಲ್ಲಿ, ಇನ್ನೊಂದನ್ನು ಮನೆಯಲ್ಲೇ ಇರಿಸಿ ಅದೇ ಔಷಧ ನೀಡಲಾಯಿತು. ಮನೆಯಲ್ಲಿ ರೋಗಿ ಮಾತ್ರೆ ನುಂಗಿದನೋ ಇಲ್ಲವೋ ತಿಳಿಯುವುದು ಹೇಗೆ? ಆರೋಗ್ಯ ಸಂದರ್ಶಕಿಯರು ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಮಾತ್ರೆ ಎಣಿಸಿದರು, ಮೂತ್ರದ ಮಾದರಿ ತಂದರು. ಮನೆಯ ಚಿಕಿತ್ಸೆಯೂ ಸಾಲುತ್ತದೆ ಎಂಬ 1959ರ ವರದಿ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು.

ಆದರೆ ಈ ನಂಬಿಕೆಗೆ ಇನ್ನೊಂದು ಮುಖವೂ ಇದೆ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಎಷ್ಟೋ ಬಾಲಕಿಯರ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ಹಾಸ್ಟೆಲಿನ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಬಡವರು ಕಾಗದ ಓದಿ ಒಪ್ಪುವುದಿಲ್ಲ, ಮುಖ ನೋಡಿ ಒಪ್ಪುತ್ತಾರೆ. ಆ ಮುಖ ಹೆಚ್ಚಾಗಿ ದಾದಿಯದು. 'ಬೇಡವೆನ್ನಲು ನಿಮಗೆ ಹಕ್ಕಿದೆ' ಎಂದು ಹೇಳುವ ಸ್ವಾತಂತ್ರ್ಯ ಆಕೆಗಿರಬೇಕು. ಇಷ್ಟು ಜನರನ್ನು ಸೇರಿಸಲೇಬೇಕೆಂಬ ಗುರಿ ಹೊರಿಸಿದರೆ ಆ ಸ್ವಾತಂತ್ರ್ಯ ಉಳಿಯುವುದಿಲ್ಲ.

ಔಷಧದ ಗುಣವನ್ನು ಪ್ರಾಣಿಗಳ ಮೇಲಷ್ಟೇ ನೋಡಿದರೆ ಸಾಲದು, ಮನುಷ್ಯ ದೇಹದಲ್ಲೇ ಪರೀಕ್ಷಿಸಬೇಕು ಎಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ತನ್ನ 'ಕಾನೂನ್' ಗ್ರಂಥದಲ್ಲಿ ನಿಯಮ ಮಾಡಿದ್ದ. ಅದಕ್ಕೂ ಮೊದಲು, ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ಯವರು ಮದೀನಾದ ಮಸೀದಿಯಲ್ಲಿದ್ದ ರುಫೈದಾ(ರ)ರ ಗುಡಾರಕ್ಕೆ ಕಳುಹಿಸಿದ್ದರು. ಪರೀಕ್ಷೆಗೆ ನಿಯಮ ಬೇಕು. ಆರೈಕೆಗೆ ನಂಬಿಕೆ ಬೇಕು. ರೋಗಿಯ ದೇಹ ಕೈಗೆ ಬಂದ ಅಮಾನತ್ತು. ಅದರ ಬಗ್ಗೆ ಬರೆದ ಸಾಲೂ ಅಮಾನತ್ತೇ.

ಮಂಗನ ಕಾಯಿಲೆಯ ಕತೆ ಮುಗಿದಿಲ್ಲ. 2005ರಿಂದ 2010ರ ಅವಧಿಯ ದಾಖಲೆಗಳನ್ನು ಪರಿಶೀಲಿಸಿದಾಗ ಎರಡು ಡೋಸಿನ ರಕ್ಷಣೆ ಶೇ. 62ಕ್ಕೆ ಇಳಿದಿರುವುದು ಕಂಡುಬಂತು. 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಅದರ ದೌರ್ಬಲ್ಯವನ್ನು ತೋರಿಸಿಕೊಟ್ಟದ್ದೂ ಹಳ್ಳಿಗಳಲ್ಲಿ ಬರೆದಿಟ್ಟ ಅಂಥ ದಾಖಲೆಗಳೇ. ಈಗ ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ನಾಳೆ ಅದು ಮಲೆನಾಡಿನ ಮನೆಗಳಿಗೆ ಬಂದಾಗಲೂ ಬಾಗಿಲು ತಟ್ಟುವವಳು ನರ್ಸಮ್ಮನೇ. ಆಕೆಗೆ ತರಬೇತಿ, ನ್ಯಾಯವಾದ ಸಂಬಳ, ಸಂಶೋಧನೆಯಲ್ಲಿ ಹೆಸರು ಇವೆಲ್ಲ ಸಿಗಬೇಕು. ವಿಜ್ಞಾನಿಯ ಹೆಸರು ಬರೆದಿಟ್ಟ ಇತಿಹಾಸ ಆಕೆಯ ಹೆಸರನ್ನೂ ಬರೆಯಲಿ.