ಬೂದಿದಿಬ್ಬದ ಒಕ್ಕಲುಗಳು

ಕರ್ನಾಟಕದ ಇತಿಹಾಸವೆಂದರೆ ಹಲ್ಮಿಡಿಯ ಶಾಸನದಿಂದಲೋ ಮಯೂರವರ್ಮನಿಂದಲೋ ಆರಂಭವಾಗುವುದೆಂದು ನಮ್ಮಲ್ಲಿ ಬಹುಮಂದಿಯ ಭಾವನೆ. ಓದುಬರಹ ಬಲ್ಲವರಿಗೆ ಅಕ್ಷರದ ಮೇಲೆ ಮೋಹ ಸಹಜವೇ. ಆದರೆ ಅಕ್ಷರ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ನೆಲದಲ್ಲಿ ಬೇಟೆಯಾಡಿದವರು, ದನ ಕಾಯ್ದವರು, ಹುರುಳಿ ಬಿತ್ತಿದವರು ಬಾಳಿದ್ದರು. ಅವರು ಬಿಟ್ಟುಹೋದ ದಾಖಲೆ ಕಲ್ಲು, ಎಲುಬು ಮತ್ತು ಬೂದಿ.

ನಾನು ವಾಸವಾಗಿರುವ ಟಿ. ದಾಸರಹಳ್ಳಿಯ ಪಕ್ಕದ್ದೇ ಜಾಲಹಳ್ಳಿ. ಅಲ್ಲಿ ದೊರೆತ ಸೂಕ್ಷ್ಮ ಶಿಲಾಯುಧಗಳ ಬಗ್ಗೆ ಕೆ. ಆರ್. ಯು. ಟಾಡ್ ಎಂಬವರು 1948ರಲ್ಲಿ ‘ಮ್ಯಾನ್’ ಎಂಬ ಮಾನವಶಾಸ್ತ್ರ ಪತ್ರಿಕೆಯಲ್ಲಿ ಬರೆದರು. ಬೆಣಚುಕಲ್ಲಿನ ಸಣ್ಣ ಸಣ್ಣ ಚಕ್ಕೆಗಳು, ಕೆಲವು ಅರ್ಧಚಂದ್ರಾಕಾರದವು. ಇಂಥವನ್ನು ಮರದ ಹಿಡಿಗೋ ಬಾಣದ ತುದಿಗೋ ಅಂಟಿಸಿ ಬಳಸುತ್ತಿದ್ದರೆಂದು ವಿದ್ವಾಂಸರ ಮತ. ಇಂದು ಆ ಸೀಮೆಯಲ್ಲಿ ಕಾರ್ಖಾನೆ, ಬಡಾವಣೆ, ಮೆಟ್ರೋ ನಿಲ್ದಾಣಗಳು ಎದ್ದಿವೆ. ಅಡಿಪಾಯ ತೋಡುವಾಗ ಇಂಥ ಚಕ್ಕೆ ಸಿಕ್ಕರೂ ಅದು ಜಲ್ಲಿಯೊಡನೆ ಬೆರೆತುಹೋಗುವುದೇ ಹೊರತು ಗುರುತಿಸುವವರು ಯಾರು?

ಬೇಟೆಯ ಬದುಕಿನಿಂದ ಬೇಸಾಯದ ಬದುಕಿಗೆ ಮನುಷ್ಯ ಹೇಗೆ ಸರಿದನೆಂಬುದನ್ನು ಅರಿಯಬೇಕಾದರೆ ನಾವು ಬಳ್ಳಾರಿ-ರಾಯಚೂರುಗಳ ಬರಡು ಸೀಮೆಗೆ ಹೋಗಬೇಕು. ಅದು ಮರುಭೂಮಿಯಲ್ಲ, ನಿಜ. ಆದರೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬಿದ್ದರೆ ಅಲ್ಲಿಯವರಿಗೆ ಅದೇ ಭಾಗ್ಯ. ಆ ಬಯಲಿನಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ಒಂದು ಇದೆ. ಸಂಗನಕಲ್ಲಿನ ಹತ್ತಿರದ ಕುಪ್ಪಗಲ್ಲಿನಲ್ಲಿ ಇದೆ. ಹಂಪೆಯ ಬಳಿ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ನಂಬಿದ್ದಾರೆ. ಲೋಹ ಕರಗಿಸಿ ಉಳಿದ ಕಿಟ್ಟವೆಂದು ವಾದಿಸಿದವರೂ ಉಂಟು.

ಇದು ಸುಟ್ಟ ಸಗಣಿಯೆಂದು ಮೊದಲೇ ಊಹಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಸಂಶಯ ನೀಗಿತು. ಬೇಲಿಗೂಟಗಳನ್ನು ನೆಟ್ಟ ಕುಳಿಗಳು, ಅವುಗಳ ನಡುವೆ ದನದ ಗೊರಸಿನ ಗುರುತುಗಳು! ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಹಸು ಇಟ್ಟ ಹೆಜ್ಜೆ ಉಳಿದಿದೆ. ಅದನ್ನು ಕಾಯ್ದವನ ಹೆಸರು ಉಳಿದಿಲ್ಲ. ದೊಡ್ಡಿಯಲ್ಲಿ ಶೇಖರವಾದ ಸಗಣಿಗೆ ಆಗಾಗ ಬೆಂಕಿಯಿಟ್ಟರು. ಕೆಲವೆಡೆ ಶಾಖ ಎಷ್ಟಿತ್ತೆಂದರೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ.

ಗೊಬ್ಬರವಾಗಬಹುದಾದ ಸಗಣಿಯನ್ನು ಸುಟ್ಟದ್ದೇಕೆ? ಇದು ಋತುಮಾನದ ಹಬ್ಬದ ಬೆಂಕಿಯಿರಬಹುದೆಂದು ಆಲ್ಚಿನ್ನರ ಊಹೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಊಹೆ ಅಸಂಭವವೆನಿಸದು. ಹಾಗೆಂದು ಆ ಜನ ಗೋಪೂಜೆಯನ್ನು ಮಾತ್ರ ಮಾಡಿಕೊಂಡಿದ್ದರೆಂದು ತಿಳಿಯಬಾರದು. ಸುರಪುರದ ಕಡೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದೊಡ್ಡಿ, ವಾಸದ ನೆಲೆಗಳ ಜೊತೆಗೆ ದನಗಳನ್ನು ಕಡಿದು ಮಾಂಸ ಮಾಡಿದ ಅಂಗಳವೂ ಸಿಕ್ಕಿದೆ. ಗತಕಾಲವನ್ನು ನಮ್ಮ ಇಷ್ಟದಂತೆ ತಿದ್ದಲಾಗದು. ಇದ್ದದ್ದನ್ನು ಇದ್ದಂತೆ ನೋಡುವುದೇ ಅದಕ್ಕೆ ಸಲ್ಲಿಸುವ ಗೌರವ.

ಅವರ ಊಟವಾದರೂ ಏನು? ಸಂಗನಕಲ್ಲು ಮೊದಲಾದ ಕಡೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಕಾದ ಕಾಳುಗಳನ್ನು ಹೆಕ್ಕಿ, ಡೋರಿಯನ್ ಫುಲ್ಲರ್ ಮತ್ತು ರವಿ ಕೋರಿಶೆಟ್ಟರ ತಂಡದವರು ಪರೀಕ್ಷಿಸಿದ್ದಾರೆ. ಹುರುಳಿ, ಹೆಸರು, ಕೊರಲೆ, ನವಣೆಯ ಜಾತಿಯ ಮತ್ತೊಂದು ಕಿರುಧಾನ್ಯ: ಇವೇ ಮುಖ್ಯ. ಇವೆಲ್ಲ ಈ ನಾಡಿನ ಮಳೆಯನ್ನೇ ನಂಬಿ ಬೆಳೆಯುವಂಥವು. ಗೋಧಿ, ಜವೆಗೋಧಿ ಉತ್ತರದಿಂದ ಬಂದ ಅತಿಥಿಗಳು. ನಾವು ನಮ್ಮದೆಂದು ಬೀಗುವ ರಾಗಿಯ ತವರು ಆಫ್ರಿಕ. ಮುದ್ದೆಗಿಂತ ಹುರುಳಿ ಸಾರೇ ಹಿರಿಯದೆಂದರೆ ನನ್ನ ನೆರೆಹೊರೆಯವರು ಮುನಿಯದಿರಲಿ!

ಆ ಆಫ್ರಿಕದಲ್ಲಿಯೂ ಇಂಥದೇ ಕಥೆಯುಂಟು. ಈಜಿಪ್ಟಿನ ದಕ್ಷಿಣ ಮರುಭೂಮಿಯ ನಬ್ತಾ ಪ್ಲಾಯಾದಲ್ಲಿ ಸುಮಾರು 8,000 ವರ್ಷಗಳ ಹಿಂದೆ, ಮಳೆಗಾಲದ ಕೆರೆಯ ದಡದಲ್ಲಿ ಜನ ಕಾಡುಜೋಳವನ್ನು ಆಯ್ದು ತಂದು ಬೇಯಿಸುತ್ತಿದ್ದರು. ಮುಂದೆ ಮಳೆ ಕೈಕೊಟ್ಟಿತು, ಕೆರೆ ಬತ್ತಿತು, ಜನ ತೆರಳಿದರು. ನಮ್ಮ ಬಯಲುಸೀಮೆಯಲ್ಲಿ ಹಾಗಾಗಲಿಲ್ಲ. ನಾಲ್ಕು ಸಾವಿರ ವರ್ಷಗಳಿಂದ ಇಲ್ಲಿ ದನ ಮೇಯುತ್ತಲೇ ಇದೆ, ಹುರುಳಿ ಬೆಳೆಯುತ್ತಲೇ ಇದೆ. ಸಿರಾ, ಮಧುಗಿರಿಗಳ ಕಡೆ ಕೊರಲೆಯನ್ನು ಇಂದಿಗೂ ಬಿತ್ತುವವರಿದ್ದಾರೆ.

ಆದರೆ ಬರಕ್ಕೆ ಅಂಜದ ಈ ಪರಂಪರೆಯ ಕುರುಹುಗಳು ಈಗ ಮನುಷ್ಯನ ಕೈಗೆ ಅಂಜಬೇಕಾಗಿದೆ. ಬೂದಿಯನ್ನು ಗದ್ದೆ ಹೊಲಗಳಿಗೆ ಹೇರಿದ್ದಾರೆ. ಕರಿಕಲ್ಲಿನ ಕೊಡಲಿಗಳನ್ನು ಹೇರಳವಾಗಿ ತಯಾರಿಸಿದ ಹಿರೇಗುಡ್ಡದಲ್ಲಿ, ಬಡಿದರೆ ಗಂಟೆಯಂತೆ ನಾದಗೊಡುವ ಬಂಡೆಗಳಿರುವ ಆ ಗುಡ್ಡದಲ್ಲಿಯೇ, ಕಲ್ಲುಗಣಿಯವರ ಸಿಡಿಮದ್ದು ಹಲವು ಬಂಡೆಚಿತ್ರಗಳನ್ನು ನುಂಗಿದೆ. ಶಾಸನ ಒಡೆದರೆ ಅಯ್ಯೋ ಎನ್ನುವ ನಾವು ಬೂದಿ ಚೆದುರಿದರೆ ಸುಮ್ಮನಿರುತ್ತೇವೆ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ವಸ್ತುಸಂಗ್ರಹಾಲಯವೊಂದು ಇರುವುದು ಸಮಾಧಾನದ ಸಂಗತಿ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಕೊಡಲಿಯನ್ನಿಡಬಹುದು, ಗುಡ್ಡವನ್ನಿಡಲಾಗದು. ಜಾಲಹಳ್ಳಿಯಲ್ಲಿ ಮುಚ್ಚಿಹೋದದ್ದನ್ನು ನಾವು ಮತ್ತೆ ತೆರೆಯಲಾರೆವು. ಸಂಗನಕಲ್ಲಿನಲ್ಲಿ ತೆರೆದಿರುವುದನ್ನಾದರೂ ಉಳಿಸಿಕೊಳ್ಳಬಹುದು.